ಆನ್‌ರೋಡ್ ಬೆಲೆಯ ಒಳಗೇನಿದೆ? ಹೊಸ ಕಾರು ಕೊಳ್ಳುವಾಗ ಎಲ್ಲಿ ಚೌಕಾಸಿ ಮಾಡಬಹುದು, ಎಲ್ಲಿ ಆಗದು

ದಸರಾ, ದೀಪಾವಳಿ ಹತ್ತಿರವಾದಾಗ ಮತ್ತು ಡಿಸೆಂಬರ್ ಬಂದಾಗ ವಾಟ್ಸಾಪ್ ಗ್ರೂಪುಗಳಲ್ಲಿ ಕಾರು ಕೊಳ್ಳುವವರಿಗೆ ಸಲಹೆಗಳ ಮಳೆ ಸುರಿಯುತ್ತದೆ. ಒಂದು ಕಾರಿಗೆ ಶೋರೂಂನವರಿಗೆ ಎರಡು ಲಕ್ಷ ಲಾಭ ಇರುತ್ತೆ, ಗಟ್ಟಿಯಾಗಿ ಕೇಳಿದರೆ ಒಂದು ಲಕ್ಷ ಬಿಡುತ್ತಾರೆ. ಪೂರ್ತಿ ಕ್ಯಾಶ್ ಕೊಟ್ಟರೆ ರೇಟೇ ಬೇರೆ. ಡಿಸೆಂಬರ್ 31ಕ್ಕೆ ಹೋದರೆ ಅಸಲಿಗೇ ಕೊಡುತ್ತಾರೆ. ಪುದುಚೇರಿ ನಂಬರ್ ಹಾಕಿಸಿದರೆ ಟ್ಯಾಕ್ಸ್ ಉಳಿತಾಯ. ಹೊರಗಡೆ ಇನ್ಶೂರೆನ್ಸ್ ಮಾಡಿಸಿದರೆ ವಾರಂಟಿ ಹೋಗುತ್ತೆ.

ಇವುಗಳಲ್ಲಿ ಕೆಲವು ಅರ್ಧ ಸತ್ಯ, ಕೆಲವು ಪೂರ್ತಿ ಸುಳ್ಳು. ಇವನ್ನು ನಂಬಿ ಶೋರೂಂಗೆ ಹೋದವರು ಸಾಮಾನ್ಯವಾಗಿ ಒಂದೇ ಪ್ರಶ್ನೆ ಕೇಳುತ್ತಾರೆ: "ಎಷ್ಟು ಡಿಸ್ಕೌಂಟ್ ಕೊಡ್ತೀರಿ?" ಈ ಪ್ರಶ್ನೆಗೆ ದೊಡ್ಡ ಮೊತ್ತದ ಉತ್ತರ ಸಿಕ್ಕರೂ ಕೊನೆಗೆ ಜೇಬಿನಿಂದ ಹೆಚ್ಚು ಹಣ ಹೋಗಬಹುದು. ಅದು ಹೇಗೆ ಎಂದು ತಿಳಿಯಬೇಕಾದರೆ ಆನ್‌ರೋಡ್ ಬೆಲೆ ಎಂಬ ಒಂದೇ ಅಂಕಿಯನ್ನು ಬಿಚ್ಚಿ ನೋಡಬೇಕು.

ಮೊದಲು ಎಕ್ಸ್ ಶೋರೂಂ ಬೆಲೆ

ಭಾರತದಲ್ಲಿ ಕಾರಿನ ಎಕ್ಸ್ ಶೋರೂಂ ಬೆಲೆಯನ್ನು ನಿಗದಿ ಮಾಡುವುದು ಕಾರು ತಯಾರಿಸುವ ಕಂಪನಿ. ಒಂದೇ ಊರಿನಲ್ಲಿ ಒಂದೇ ಕಂಪನಿಯ ಎರಡು ಶೋರೂಂಗಳಿಗೆ ಹೋದರೂ ಒಂದೇ ಮಾದರಿಯ ಎಕ್ಸ್ ಶೋರೂಂ ಬೆಲೆ ಒಂದೇ ಇರುತ್ತದೆ. ಅದರಲ್ಲಿ ಜಿಎಸ್‌ಟಿ ಆಗಲೇ ಸೇರಿರುತ್ತದೆ. ಹಾಗಾಗಿ ಎಕ್ಸ್ ಶೋರೂಂ ಬೆಲೆಯ ಕೆಳಗೆ ಕಾರಿಗೇ ಮತ್ತೊಮ್ಮೆ "ಜಿಎಸ್‌ಟಿ" ಎಂದು ಒಂದು ಸಾಲು ಕಂಡರೆ ಅದು ತಪ್ಪು ಲೆಕ್ಕ.

2025ರ ಸೆಪ್ಟೆಂಬರ್ 22ರಿಂದ ಕಾರುಗಳ ಜಿಎಸ್‌ಟಿ ಬದಲಾಗಿದೆ. ನಾಲ್ಕು ಮೀಟರಿಗಿಂತ ಉದ್ದವಿಲ್ಲದ, 1200 ಸಿಸಿವರೆಗಿನ ಪೆಟ್ರೋಲ್ ಮತ್ತು 1500 ಸಿಸಿವರೆಗಿನ ಡೀಸೆಲ್ ಕಾರುಗಳಿಗೆ ಶೇ. 18. ಅದಕ್ಕಿಂತ ದೊಡ್ಡ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಶೇ. 40. ಎಲೆಕ್ಟ್ರಿಕ್ ಕಾರುಗಳಿಗೆ ಮೊದಲಿನಂತೆಯೇ ಶೇ. 5. ಮೊದಲು ಜಿಎಸ್‌ಟಿಯ ಜೊತೆಗೆ ಇರುತ್ತಿದ್ದ ಪರಿಹಾರ ಸೆಸ್ ಈಗ ಇಲ್ಲ.

ಎಕ್ಸ್ ಶೋರೂಂ ಬೆಲೆ 9,00,000 ರೂಪಾಯಿ ಇರುವ ಒಂದು ಸಣ್ಣ ಪೆಟ್ರೋಲ್ ಕಾರನ್ನು ತೆಗೆದುಕೊಳ್ಳೋಣ. ಅದರಲ್ಲಿ ಸುಮಾರು 1,37,000 ರೂಪಾಯಿ ಜಿಎಸ್‌ಟಿ. ಉಳಿದದ್ದು ಕಂಪನಿ ಮತ್ತು ಡೀಲರ್ ಇಬ್ಬರಿಗೂ ಸೇರಿ ಸುಮಾರು 7,63,000. ಇದರಲ್ಲಿ ಡೀಲರ್ ಪಾಲು ಎಷ್ಟು? ಸಾಮಾನ್ಯ ಕಾರುಗಳಲ್ಲಿ ಡೀಲರ್ ಮಾರ್ಜಿನ್ ಒಂದಂಕಿಯ ಶೇಕಡಾವಾರಿನಲ್ಲೇ ಇರುತ್ತದೆ. ಉದಾಹರಣೆಗೆ ಶೇ. 4 ಎಂದಿಟ್ಟುಕೊಂಡರೆ 30,000 ರೂಪಾಯಿ ಚಿಲ್ಲರೆ. ಶೋರೂಂ ಬಾಡಿಗೆ, ಸಿಬ್ಬಂದಿ ಸಂಬಳ, ನಿಲ್ಲಿಸಿಟ್ಟ ಕಾರುಗಳ ಮೇಲೆ ಬ್ಯಾಂಕಿಗೆ ಕಟ್ಟುವ ಬಡ್ಡಿ ಎಲ್ಲವೂ ಇದರಿಂದಲೇ ಹೋಗಬೇಕು. ಎರಡು ಲಕ್ಷ ಲಾಭದಲ್ಲಿ ಒಂದು ಲಕ್ಷ ಬಿಡುವ ಮಾತು ಇಲ್ಲಿಗೆ ಹೊಂದುವುದಿಲ್ಲ.

ಹಾಗಾದರೆ ಕೆಲವೊಮ್ಮೆ ಸಿಗುವ 40,000, 50,000 ರೂಪಾಯಿಯ ರಿಯಾಯಿತಿ ಎಲ್ಲಿಂದ ಬರುತ್ತದೆ? ಅದರ ದೊಡ್ಡ ಪಾಲು ಕಂಪನಿಯ ಆ ತಿಂಗಳ ಯೋಜನೆ. ಓಡದ ಮಾದರಿಗೆ, ಹಳೆಯ ಸ್ಟಾಕ್‌ಗೆ, ಹೊಸ ಆವೃತ್ತಿ ಬರಲಿರುವ ಕಾರಿಗೆ ಕಂಪನಿಯೇ ಇಷ್ಟು ಎಂದು ಘೋಷಿಸುತ್ತದೆ. ಡೀಲರ್ ತನ್ನ ಮಾರ್ಜಿನ್‌ನಲ್ಲಿ ಒಂದಿಷ್ಟು ಸೇರಿಸಬಹುದು. ಕಾಯುವವರ ಸಾಲು ಉದ್ದ ಇರುವ ಮಾದರಿಗೆ ಎಷ್ಟೇ ಗಟ್ಟಿಯಾಗಿ ಕೇಳಿದರೂ ಏನೂ ಸಿಗದಿರುವುದು ಇದೇ ಕಾರಣಕ್ಕೆ.

ಅಮೆರಿಕದ ವಿಡಿಯೊ ಇಲ್ಲಿ ಯಾಕೆ ನಡೆಯದು

"ಡೀಲರ್ ಇನ್‌ವಾಯ್ಸ್ ಬೆಲೆ ಕೇಳಿ, ಅಲ್ಲಿಂದ ಚೌಕಾಸಿ ಶುರು ಮಾಡಿ" ಎಂಬ ಸಲಹೆ ಯೂಟ್ಯೂಬ್‌ನಲ್ಲಿ ಬಹಳ ಇದೆ. ಅದು ಹುಟ್ಟಿದ್ದು ಅಮೆರಿಕದಲ್ಲಿ. ಅಲ್ಲಿ 1958ರ ಒಂದು ಕಾನೂನಿನಂತೆ ಪ್ರತಿ ಹೊಸ ಕಾರಿನ ಗಾಜಿನ ಮೇಲೆ ಕಂಪನಿ ಸೂಚಿಸಿದ ಬೆಲೆಯ ಚೀಟಿ ಇರಲೇಬೇಕು. ಆ ಕಾನೂನು ತಂದ ಸೆನೆಟರ್ ಹೆಸರಿನಿಂದ ಅದನ್ನು ಮನ್ರೋನಿ ಸ್ಟಿಕರ್ ಎನ್ನುತ್ತಾರೆ. ಆದರೆ ಅದು ಸೂಚಿತ ಬೆಲೆ ಮಾತ್ರ. ಸ್ವತಂತ್ರ ವ್ಯಾಪಾರಿಯಾದ ಡೀಲರ್ ಅದಕ್ಕಿಂತ ಕಡಿಮೆಗೂ ಮಾರಬಹುದು, ಬೇಡಿಕೆ ಹೆಚ್ಚಿದ್ದರೆ ಹೆಚ್ಚಿಗೂ ಮಾರಬಹುದು. ಹಾಗಾಗಿ ಅಲ್ಲಿ ಕಾರಿನ ಬೆಲೆಯ ಮೇಲೆಯೇ ದೊಡ್ಡ ಚೌಕಾಸಿ ನಡೆಯುತ್ತದೆ.

ನಮ್ಮಲ್ಲಿ ಎಕ್ಸ್ ಶೋರೂಂ ಬೆಲೆ ಬಹುತೇಕ ಸ್ಥಿರ. ಮರ್ಸಿಡಿಸ್ ಬೆಂಜ್ 2021ರಲ್ಲಿ ಭಾರತದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಂಪನಿಯೇ ನೇರವಾಗಿ ಗ್ರಾಹಕರಿಗೆ ಬಿಲ್ ಮಾಡುವ ಪದ್ಧತಿ ತಂದಿತು. ಆದ್ದರಿಂದ ನಮ್ಮ ಲೆಕ್ಕದ ಆಟ ನಡೆಯುವುದು ಎಕ್ಸ್ ಶೋರೂಂ ಬೆಲೆಯ ಕೆಳಗಿನ ಸಾಲುಗಳಲ್ಲಿ. ಆ ಸಾಲುಗಳನ್ನು ನಾಲ್ಕು ಗುಂಪು ಮಾಡಿಕೊಂಡರೆ ವಿಷಯ ಸುಲಭವಾಗುತ್ತದೆ: ಯಾರೂ ಬದಲಿಸಲಾಗದ್ದು, ಬೇರೆ ಕಡೆ ಕೊಳ್ಳಬಹುದಾದದ್ದು, ಬೇಡ ಎನ್ನಬಹುದಾದದ್ದು, ಇರಲೇಬಾರದ್ದು.

ಗುಂಪು 1: ಯಾರೂ ಬದಲಿಸಲಾಗದ್ದು

ಕರ್ನಾಟಕದಲ್ಲಿ ಪೆಟ್ರೋಲ್, ಡೀಸೆಲ್ ಕಾರುಗಳಿಗೆ ಜೀವಿತಾವಧಿ ರಸ್ತೆ ತೆರಿಗೆ ದೇಶದಲ್ಲೇ ಹೆಚ್ಚಿನವುಗಳ ಸಾಲಿನಲ್ಲಿದೆ. 5 ಲಕ್ಷದವರೆಗೆ ಶೇ. 13, 5ರಿಂದ 10 ಲಕ್ಷದವರೆಗೆ ಶೇ. 14, 10ರಿಂದ 20 ಲಕ್ಷದವರೆಗೆ ಶೇ. 17, ಅದಕ್ಕೂ ಮೇಲೆ ಶೇ. 18. ಈ ತೆರಿಗೆಯ ಮೇಲೆ ಮತ್ತೆ ಶೇ. 11 ಸೆಸ್. ನಮ್ಮ 9 ಲಕ್ಷದ ಕಾರಿಗೆ ತೆರಿಗೆ 1,26,000, ಸೆಸ್ 13,860, ಒಟ್ಟು 1,39,860 ರೂಪಾಯಿ. ಜಿಎಸ್‌ಟಿ ಕೂಡ ಕೂಡಿಸಿದರೆ ಈ ಒಂದು ಕಾರಿನಿಂದ ಸರ್ಕಾರಗಳಿಗೆ ಹೋಗುವುದು ಸುಮಾರು 2,77,000. ಇದರಲ್ಲಿ ಒಂದು ಪೈಸೆಯೂ ಶೋರೂಂನವರ ಕೈಯಲ್ಲಿಲ್ಲ.

ಈ ಸ್ಲ್ಯಾಬ್‌ನಲ್ಲಿ ಒಂದು ಸೂಕ್ಷ್ಮ ಇದೆ. ಆದಾಯ ತೆರಿಗೆಯ ಹಾಗೆ ಗೆರೆ ದಾಟಿದ ಭಾಗಕ್ಕೆ ಮಾತ್ರ ಹೆಚ್ಚಿನ ದರ ಹಾಕುವುದಿಲ್ಲ. ಪೂರ್ತಿ ಬೆಲೆಗೂ ಹೆಚ್ಚಿನ ದರವೇ ಬೀಳುತ್ತದೆ. 9,95,000 ರೂಪಾಯಿಯ ಕಾರಿಗೆ ಸೆಸ್ ಸೇರಿ ತೆರಿಗೆ 1,54,623. ಅದೇ ಕಾರಿನ ಒಂದು ಮೇಲಿನ ಮಾದರಿ 10,15,000 ಇದ್ದರೆ ತೆರಿಗೆ ಸುಮಾರು 1,91,530. ಅಂದರೆ "ಇನ್ನು ಇಪ್ಪತ್ತೇ ಸಾವಿರ ಹಾಕಿದರೆ ಸನ್‌ರೂಫ್ ಬರುತ್ತೆ ಸಾರ್" ಎಂದಾಗ ನೀವು ನಿಜವಾಗಿ ಹಾಕುತ್ತಿರುವುದು ಸುಮಾರು 57,000. 10 ಲಕ್ಷದ ಗೆರೆಯ ಆಸುಪಾಸಿನ ಕಾರು ನೋಡುತ್ತಿರುವವರು ಈ ಲೆಕ್ಕವನ್ನು ಮೊದಲೇ ಮಾಡಿಕೊಳ್ಳುವುದು ಒಳ್ಳೆಯದು.

10 ಲಕ್ಷ ದಾಟಿದ ಕಾರಿಗೆ ಶೇ. 1ರಷ್ಟು ಟಿಸಿಎಸ್ ಕೂಡ ಸೇರುತ್ತದೆ. ಇದು ಕಳೆದುಹೋಗುವ ಹಣವಲ್ಲ. ನಿಮ್ಮ ಪ್ಯಾನ್ ಸಂಖ್ಯೆಗೆ ಜಮೆಯಾಗುತ್ತದೆ. ಆದಾಯ ತೆರಿಗೆ ರಿಟರ್ನ್ ಸಲ್ಲಿಸುವಾಗ ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಬಹುದು, ತೆರಿಗೆಯೇ ಇಲ್ಲದಿದ್ದರೆ ವಾಪಸ್ ಪಡೆಯಬಹುದು. ರಿಟರ್ನ್ ಹಾಕದೆ ಇದನ್ನು ಹಾಗೇ ಬಿಟ್ಟವರಿದ್ದಾರೆ.

ನೋಂದಣಿ ಶುಲ್ಕ ತುಂಬಾ ಚಿಕ್ಕದು. ಖಾಸಗಿ ಕಾರಿನ ನೋಂದಣಿಗೆ ಕೇಂದ್ರದ ನಿಯಮದಂತೆ 600 ರೂಪಾಯಿ. ಸಾಲ ಇದ್ದರೆ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಸೇರಿಸಲು 1,500. ಸ್ಮಾರ್ಟ್ ಕಾರ್ಡಿಗೆ 200. ಕೊಟೇಷನ್‌ನಲ್ಲಿ ತೆರಿಗೆ, ನೋಂದಣಿ ಎರಡನ್ನೂ ಒಟ್ಟುಗೂಡಿಸಿ "ಆರ್‌ಟಿಒ" ಎಂದು ಒಂದೇ ದುಂಡನೆ ಮೊತ್ತ ಬರೆದಿದ್ದರೆ ಬಿಡಿಸಿ ಬರೆದುಕೊಡಲು ಹೇಳಿ. ತೆರಿಗೆಯನ್ನು ಆನ್‌ಲೈನ್‌ನಲ್ಲಿ ವಾಹನ್ ಪೋರ್ಟಲ್ ಮೂಲಕವೇ ಕಟ್ಟುತ್ತಾರೆ, ಅದಕ್ಕೆ ರಸೀದಿ ಬರುತ್ತದೆ. ನೀವು ಕೊಟ್ಟ ಮೊತ್ತಕ್ಕೂ ರಸೀದಿಯ ಮೊತ್ತಕ್ಕೂ ವ್ಯತ್ಯಾಸ ಇದ್ದರೆ ಕೇಳಿ ವಾಪಸ್ ಪಡೆಯುವ ಹಕ್ಕು ನಿಮ್ಮದು.

ಪುದುಚೇರಿ ನಂಬರಿನ ಕಥೆ

ತೆರಿಗೆ ಕಡಿಮೆ ಇರುವ ರಾಜ್ಯದಲ್ಲಿ ನೋಂದಾಯಿಸಿ ಕರ್ನಾಟಕದಲ್ಲಿ ಓಡಿಸಿ ಎಂಬುದು ಹಳೆಯ ಫಾರ್ವರ್ಡ್. ಮೋಟಾರು ವಾಹನ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಬೇರೆ ರಾಜ್ಯದ ವಾಹನವನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿ ಇಟ್ಟುಕೊಂಡರೆ ಇಲ್ಲಿನ ನಂಬರಿಗೆ ಬದಲಿಸಬೇಕು, ಇಲ್ಲಿನ ತೆರಿಗೆ ಕಟ್ಟಬೇಕು. ಪುದುಚೇರಿಯಲ್ಲಿ ವಾಸವೇ ಇಲ್ಲದೆ ಅಲ್ಲಿನ ವಿಳಾಸ ತೋರಿಸಿದರೆ ಅದು ಸುಳ್ಳು ದಾಖಲೆ ಕೊಟ್ಟ ಪ್ರಕರಣವೂ ಆಗುತ್ತದೆ. ಬೆಂಗಳೂರಿನಲ್ಲಿ ಸಾರಿಗೆ ಇಲಾಖೆಯವರು ಇಂಥ ಐಷಾರಾಮಿ ಕಾರುಗಳನ್ನು ತಡೆದು ತೆರಿಗೆ ವಸೂಲು ಮಾಡಿದ ಉದಾಹರಣೆಗಳಿವೆ.

ಗುಂಪು 2: ಬೇರೆ ಕಡೆ ಕೊಳ್ಳಬಹುದಾದದ್ದು

ಈ ಗುಂಪಿನಲ್ಲಿ ಮುಖ್ಯವಾದದ್ದು ವಿಮೆ. ಚೌಕಾಸಿಗೆ ಅತಿ ಹೆಚ್ಚು ಜಾಗ ಇರುವುದೂ ಇಲ್ಲೇ.

ವಿಮೆಯಲ್ಲಿ ಎರಡು ಭಾಗ. ಒಂದು ಥರ್ಡ್ ಪಾರ್ಟಿ, ಅಂದರೆ ನಿಮ್ಮ ಕಾರಿನಿಂದ ಬೇರೆಯವರಿಗೆ ಆಗುವ ಹಾನಿಗೆ. ಸುಪ್ರೀಂ ಕೋರ್ಟ್ ಆದೇಶದಿಂದಾಗಿ 2018ರ ಸೆಪ್ಟೆಂಬರ್ 1ರಿಂದ ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಇದರ ದರವನ್ನು ಸರ್ಕಾರವೇ ನಿಗದಿ ಮಾಡುತ್ತದೆ. 2022ರ ಜೂನ್ 1ರಿಂದ ಜಾರಿಗೆ ಬಂದ ದರಪಟ್ಟಿಯಲ್ಲಿ ಮೂರು ವರ್ಷಕ್ಕೆ 1000 ಸಿಸಿವರೆಗಿನ ಕಾರಿಗೆ 6,521 ರೂಪಾಯಿ, 1000ದಿಂದ 1500 ಸಿಸಿಗೆ 10,640, ಅದಕ್ಕೂ ಮೇಲೆ 24,596. ಇದರ ಮೇಲೆ ಜಿಎಸ್‌ಟಿ. ಯಾವ ಕಂಪನಿಯಲ್ಲಿ ಮಾಡಿಸಿದರೂ ಈ ಭಾಗ ಒಂದೇ.

ಇನ್ನೊಂದು ನಿಮ್ಮ ಕಾರಿನ ಹಾನಿಗೆ ಮಾಡಿಸುವ ಓನ್ ಡ್ಯಾಮೇಜ್ ವಿಮೆ. ಇದರ ದರ ಕಂಪನಿಯಿಂದ ಕಂಪನಿಗೆ ಬೇರೆ. ಶೋರೂಂನಲ್ಲಿ ಹೇಳುವ ಮೊತ್ತಕ್ಕೂ ಹೊರಗೆ ಸಿಗುವ ಮೊತ್ತಕ್ಕೂ ದೊಡ್ಡ ಅಂತರ ಕಾಣುವುದು ಈ ಭಾಗದಲ್ಲೇ. ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಡೀಲರ್ ವಿಮೆ ಮಾರಬಹುದು, ಆದರೆ ತನ್ನ ಬಳಿಯೇ ಮಾಡಿಸಬೇಕೆಂದು ಒತ್ತಾಯ ಮಾಡುವಂತಿಲ್ಲ. ಕಾರಿನ ವಾರಂಟಿಗೂ ವಿಮೆಗೂ ಯಾವ ಸಂಬಂಧವೂ ಇಲ್ಲ. ವಾರಂಟಿ ಕೊಡುವುದು ಕಾರು ಕಂಪನಿ, ತಯಾರಿಕೆಯ ದೋಷಕ್ಕೆ. ವಿಮೆ ಕೊಡುವುದು ವಿಮಾ ಕಂಪನಿ, ಅಪಘಾತ, ಕಳವು ಇತ್ಯಾದಿಗೆ.

"ಹೊರಗಿನ ಪಾಲಿಸಿ ತಂದರೆ ನಮ್ಮ ವರ್ಕ್‌ಶಾಪ್‌ನಲ್ಲಿ ಕ್ಯಾಶ್‌ಲೆಸ್ ಆಗಲ್ಲ" ಎನ್ನುವ ಮಾತಿನಲ್ಲಿ ಸ್ವಲ್ಪ ಸತ್ಯ ಇರಬಹುದು. ಕ್ಯಾಶ್‌ಲೆಸ್ ಸೌಲಭ್ಯ ಆ ವರ್ಕ್‌ಶಾಪ್ ವಿಮಾ ಕಂಪನಿಯ ನೆಟ್‌ವರ್ಕ್ ಪಟ್ಟಿಯಲ್ಲಿ ಇದೆಯೇ ಎಂಬುದನ್ನು ಅವಲಂಬಿಸಿದೆ. ಪಟ್ಟಿ ವಿಮಾ ಕಂಪನಿಯ ವೆಬ್‌ಸೈಟಿನಲ್ಲೇ ಇರುತ್ತದೆ. ನಿಮ್ಮ ಊರಿನ ವರ್ಕ್‌ಶಾಪ್ ಅದರಲ್ಲಿದೆಯೇ ನೋಡಿಕೊಂಡು ನಿರ್ಧರಿಸಿ.

ಎರಡು ವಿಮಾ ಕೊಟೇಷನ್ ಹೋಲಿಸುವಾಗ ಮೂರು ಅಂಶ ಗಮನಿಸಿ. ಮೊದಲನೆಯದು ಐಡಿವಿ, ಅಂದರೆ ಕಾರು ಪೂರ್ತಿ ನಷ್ಟವಾದರೆ ಸಿಗುವ ಮೊತ್ತ. ಹೊಸ ಕಾರಿಗೆ ಇದು ಸಾಮಾನ್ಯವಾಗಿ ಎಕ್ಸ್ ಶೋರೂಂ ಬೆಲೆಯ ಶೇ. 95. ಐಡಿವಿ ಇಳಿಸಿದರೆ ಪ್ರೀಮಿಯಂ ಅಗ್ಗವಾಗಿ ಕಾಣುತ್ತದೆ, ನಷ್ಟವಾದಾಗ ಪರಿಹಾರವೂ ಇಳಿಯುತ್ತದೆ. ಎರಡನೆಯದು ಆಡ್‌ಆನ್‌ಗಳು. ಝೀರೋ ಡೆಪ್ರಿಸಿಯೇಷನ್ ಹೊಸ ಕಾರಿಗೆ ಉಪಯುಕ್ತ. ಮಳೆ ಬಂದರೆ ರಸ್ತೆಯೇ ಕೆರೆಯಾಗುವ ಬಡಾವಣೆಯಲ್ಲಿ ಮನೆ ಇದ್ದರೆ ಎಂಜಿನ್ ಪ್ರೊಟೆಕ್ಟ್ ಕೂಡ ಯೋಚಿಸಬೇಕಾದದ್ದು. ನಿಂತ ನೀರಿನಲ್ಲಿ ಕಾರು ಸ್ಟಾರ್ಟ್ ಮಾಡಿದಾಗ ಎಂಜಿನ್ ಒಳಕ್ಕೆ ನೀರು ನುಗ್ಗಿ ಹಾಳಾದರೆ ಸಾಮಾನ್ಯ ಪಾಲಿಸಿ ಅದನ್ನು ಭರಿಸುವುದಿಲ್ಲ. ಉಳಿದ ಆಡ್‌ಆನ್‌ಗಳ ಹೆಸರು ಕೇಳಿ, ಅರ್ಥ ಕೇಳಿ, ಬೇಕಾದ್ದನ್ನು ಮಾತ್ರ ಇಟ್ಟುಕೊಳ್ಳಿ.

ಮೂರನೆಯದು ನೋ ಕ್ಲೇಮ್ ಬೋನಸ್. ಹಳೆಯ ಕಾರಿನಲ್ಲಿ ಐದು ವರ್ಷ ಕ್ಲೇಮ್ ಮಾಡದೇ ಇದ್ದರೆ ಓನ್ ಡ್ಯಾಮೇಜ್ ಪ್ರೀಮಿಯಂನಲ್ಲಿ ಶೇ. 50ರವರೆಗೆ ರಿಯಾಯಿತಿ ಸಂಪಾದಿಸಿರುತ್ತೀರಿ. ಈ ಬೋನಸ್ ಕಾರಿಗೆ ಸೇರಿದ್ದಲ್ಲ, ಮಾಲೀಕರಿಗೆ ಸೇರಿದ್ದು. ಹಳೆಯ ಕಾರು ಮಾರಿದ ಮೇಲೆ ವಿಮಾ ಕಂಪನಿಯಿಂದ ಪತ್ರ ಪಡೆದರೆ ಮೂರು ವರ್ಷದೊಳಗೆ ಹೊಸ ಕಾರಿಗೆ ಬಳಸಬಹುದು. ಶೋರೂಂನಲ್ಲಿ ನೀವಾಗಿ ಕೇಳದಿದ್ದರೆ ಈ ವಿಷಯ ಬಹಳ ಸಲ ಪ್ರಸ್ತಾಪವೇ ಆಗುವುದಿಲ್ಲ.

ಸಾಲ: ಇಎಂಐ ನೋಡಿ ಮೋಸ ಹೋಗಬೇಡಿ

ಸಾಲವೂ ಇದೇ ಗುಂಪಿಗೆ ಸೇರಿದ್ದು. ಶೋರೂಂನಲ್ಲಿ "ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ ಸಾರ್?" ಎಂದು ಕೇಳಿದಾಗ ಮಾತು ಕಾರಿನ ಬೆಲೆಯಿಂದ ಇಎಂಐ ಕಡೆಗೆ ಜಾರುತ್ತದೆ. 8 ಲಕ್ಷ ಸಾಲಕ್ಕೆ ಶೇ. 9 ಬಡ್ಡಿಯಲ್ಲಿ ಐದು ವರ್ಷಕ್ಕೆ ಇಎಂಐ ಸುಮಾರು 16,600. ಏಳು ವರ್ಷಕ್ಕೆ ಸುಮಾರು 12,870. ತಿಂಗಳಿಗೆ 3,700 ಉಳಿದಂತೆ ಕಾಣುತ್ತದೆ. ಆದರೆ ಐದು ವರ್ಷದಲ್ಲಿ ಕಟ್ಟುವ ಒಟ್ಟು ಬಡ್ಡಿ ಸುಮಾರು 1,96,000, ಏಳು ವರ್ಷದಲ್ಲಿ ಸುಮಾರು 2,81,000. ಶೋರೂಂನಲ್ಲಿ ಹೊಡೆದಾಡಿ ಪಡೆದ ಡಿಸ್ಕೌಂಟಿಗಿಂತ ಹೆಚ್ಚು ಹಣ ಬ್ಯಾಂಕಿಗೆ ಹೋಗಿರುತ್ತದೆ.

"ಫ್ಲಾಟ್ ರೇಟ್" ಎಂಬ ಮಾತು ಬಂದರೆ ಎಚ್ಚರ. ಫ್ಲಾಟ್ ಎಂದರೆ ನೀವು ಅಸಲು ತೀರಿಸುತ್ತಾ ಹೋದರೂ ಪೂರ್ತಿ 8 ಲಕ್ಷದ ಮೇಲೆಯೇ ಐದೂ ವರ್ಷ ಬಡ್ಡಿ ಲೆಕ್ಕ ಹಾಕುವುದು. ಶೇ. 9 ಫ್ಲಾಟ್‌ನಲ್ಲಿ ಇಎಂಐ 19,333 ಆಗುತ್ತದೆ. ಬ್ಯಾಂಕುಗಳು ಸಾಮಾನ್ಯವಾಗಿ ಹೇಳುವ ಇಳಿಕೆ ಬಾಕಿಯ ಲೆಕ್ಕದಲ್ಲಿ ಇದು ಸುಮಾರು ಶೇ. 15.7 ಬಡ್ಡಿಗೆ ಸಮ. ರಿಸರ್ವ್ ಬ್ಯಾಂಕ್ ನಿಯಮದಂತೆ 2024ರ ಅಕ್ಟೋಬರ್ 1ರಿಂದ ಸಾಲ ಕೊಡುವವರು ಸಹಿಗೆ ಮೊದಲೇ ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಎಂಬ ಹಾಳೆ ಕೊಡಬೇಕು. ಎಲ್ಲ ಶುಲ್ಕ ಸೇರಿ ವರ್ಷದ ನಿಜವಾದ ಬಡ್ಡಿ ದರ ಎಷ್ಟು ಎಂದು ಅದರಲ್ಲಿ ಬರೆದಿರುತ್ತದೆ. ನಿಮ್ಮ ಸಂಬಳದ ಖಾತೆ ಇರುವ ಬ್ಯಾಂಕಿನ ದರ ತಿಳಿದುಕೊಂಡು ಹೋಗಿ, ಶೋರೂಂ ತೋರಿಸುವ ದರಕ್ಕೆ ಹೋಲಿಸಿ.

ಈಗ ಕ್ಯಾಶ್ ವಿಷಯ. ಪೂರ್ತಿ ಹಣ ಕೊಡುವವರಿಗೆ ಹೆಚ್ಚು ಡಿಸ್ಕೌಂಟ್ ಎಂಬುದು ಈಗ ಬಹುತೇಕ ಸುಳ್ಳು. ಸಾಲ ಮಾಡಿಸಿಕೊಟ್ಟರೆ ಡೀಲರ್‌ಗೆ ಬ್ಯಾಂಕಿನಿಂದ ಕಮಿಷನ್ ಸಿಗುತ್ತದೆ. ಪೂರ್ತಿ ಹಣ ಕೊಡುವವರಿಂದ ಆ ಆದಾಯ ಇಲ್ಲ. ಇನ್ನು ನೋಟಿನ ಕಟ್ಟು ಕೊಡುವ ಮಾತಂತೂ ಬೇಡವೇ ಬೇಡ. ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಹೆಚ್ಚಿನ ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ನಿಷೇಧಿಸಿದೆ.

ಗುಂಪು 3: ಬೇಡ ಎನ್ನಬಹುದಾದದ್ದು

ಮ್ಯಾಟ್, ಸೀಟ್ ಕವರ್, ಮಡ್ ಫ್ಲ್ಯಾಪ್ ಸೇರಿದ "ಬೇಸಿಕ್ ಕಿಟ್" ಬಹಳಷ್ಟು ಕೊಟೇಷನ್‌ಗಳಲ್ಲಿ ಮೊದಲೇ ಸೇರಿರುತ್ತದೆ. ಕೇಳಿದರೆ "ಇದು ಕಂಪಲ್ಸರಿ ಮೇಡಂ" ಎಂಬ ಉತ್ತರ. ಯಾವ ಕಾನೂನಿನಲ್ಲೂ ಇದು ಕಡ್ಡಾಯ ಅಲ್ಲ. ಒಂದು ವಸ್ತು ಕೊಳ್ಳಬೇಕಾದರೆ ಇನ್ನೊಂದನ್ನೂ ಕೊಳ್ಳಲೇಬೇಕು ಎಂದು ಷರತ್ತು ಹಾಕುವುದನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ನಿರ್ಬಂಧಕ ವ್ಯಾಪಾರ ಪದ್ಧತಿ ಎಂದೇ ಹೆಸರಿಸಿದೆ. ಹೊರಗಡೆ ಮ್ಯಾಟ್, ಸೀಟ್ ಕವರ್ ಹಾಕಿಸಿದರೆ ವಾರಂಟಿ ಹೋಗುವುದಿಲ್ಲ. ವೈರಿಂಗ್ ಕತ್ತರಿಸಿ ಹಾಕುವ ಲೈಟು, ಹಾರ್ನ್, ಮ್ಯೂಸಿಕ್ ಸಿಸ್ಟಮ್ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು. ಎಲೆಕ್ಟ್ರಿಕಲ್ ಭಾಗದ ವಾರಂಟಿಗೆ ಅಲ್ಲಿ ತಕರಾರು ಬರಬಹುದು. ಸೈಡ್ ಏರ್‌ಬ್ಯಾಗ್ ಇರುವ ಸೀಟಿಗೆ ಅದಕ್ಕೆ ಹೊಂದುವ ಕವರ್ ಮಾತ್ರ ಹಾಕಿಸಬೇಕು.

ಟೆಫ್ಲಾನ್ ಕೋಟಿಂಗ್ ಇನ್ನೊಂದು. ಹೆಸರು ಕೇಳಿದರೆ ಅಡುಗೆಮನೆಯ ನಾನ್‌ಸ್ಟಿಕ್ ತವಾ ನೆನಪಾಗುತ್ತದೆ. ತವಾಕ್ಕೆ ಆ ಪದಾರ್ಥವನ್ನು ಬಳಿದ ಮೇಲೆ 300 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚು ಬಿಸಿ ಮಾಡಿ ಅಂಟಿಸುತ್ತಾರೆ. ಕಾರಿನ ಪೇಂಟಿಗೆ ಅಷ್ಟು ಬಿಸಿ ಕೊಟ್ಟರೆ ಪೇಂಟೇ ಉಳಿಯದು. ಶೋರೂಂನಲ್ಲಿ ಹಚ್ಚುವುದು ಒಂದು ಬಗೆಯ ಪಾಲಿಶ್. ಹೊಳಪು ಬರುತ್ತದೆ, ಕೆಲವು ತಿಂಗಳಲ್ಲಿ ತೊಳೆದು ಹೋಗುತ್ತದೆ. ಟೈರಿಗೆ ಸಾರಜನಕ ತುಂಬಿಸುವುದೂ ಇಂಥದ್ದೇ. ನಾವು ಉಸಿರಾಡುವ ಗಾಳಿಯಲ್ಲೇ ಶೇ. 78 ಸಾರಜನಕ ಇದೆ. ಒತ್ತಡ ಸ್ವಲ್ಪ ನಿಧಾನವಾಗಿ ಇಳಿಯಬಹುದು ಅಷ್ಟೆ, ಹದಿನೈದು ದಿನಕ್ಕೊಮ್ಮೆ ಗಾಳಿ ನೋಡಿಸುವವರಿಗೆ ಇದರಿಂದ ಹೇಳಿಕೊಳ್ಳುವ ಲಾಭವಿಲ್ಲ.

ಎಕ್ಸ್‌ಟೆಂಡೆಡ್ ವಾರಂಟಿಯನ್ನು ಮಾತ್ರ ಈ ಸಾಲಿಗೆ ಸುಮ್ಮನೆ ಸೇರಿಸಬಾರದು. ಟರ್ಬೊ, ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಇರುವ ಕಾರನ್ನು ಐದಾರು ವರ್ಷ ಇಟ್ಟುಕೊಳ್ಳುವವರಿಗೆ ಅದು ಉಪಯೋಗಕ್ಕೆ ಬರಬಹುದು. ಆದರೆ ಕೊಡುತ್ತಿರುವುದು ಕಾರು ಕಂಪನಿಯೋ ಬೇರೆ ಸಂಸ್ಥೆಯೋ ಎಂದು ನೋಡಿ. ಮೂಲ ವಾರಂಟಿ ಮುಗಿಯುವ ಮೊದಲು ಕೊಂಡರೂ ಆಗುತ್ತದೆ ಎಂದಿದ್ದರೆ ಮೊದಲ ದಿನವೇ ಅವಸರ ಬೇಡ.

ಗುಂಪು 4: ಇರಲೇಬಾರದ್ದು

"ಹ್ಯಾಂಡ್ಲಿಂಗ್ ಚಾರ್ಜ್", "ಲಾಜಿಸ್ಟಿಕ್ಸ್", "ಇನ್ಸಿಡೆಂಟಲ್", "ಆರ್‌ಟಿಒ ಸರ್ವಿಸ್" ಎಂಬ ಹೆಸರುಗಳಲ್ಲಿ ಕೆಲವು ಸಾವಿರ ಸೇರಿಸಿರುವುದು ಉಂಟು. ಈ ಹೆಸರಿನ ಸರ್ಕಾರಿ ಶುಲ್ಕ ಯಾವುದೂ ಇಲ್ಲ. ಕಾರ್ಖಾನೆಯಿಂದ ಶೋರೂಂಗೆ ಕಾರು ತಂದು, ತೊಳೆದು, ನಿಮ್ಮ ಕೈಗೆ ಕೊಡುವುದು ಮಾರಾಟದ ಭಾಗವೇ. ಇದು ಯಾವ ಕಾನೂನಿನಡಿ ಎಂದು ಲಿಖಿತವಾಗಿ ಕೇಳಿದರೆ ಬಹಳ ಕಡೆ ಆ ಸಾಲು ಮಾಯವಾಗುತ್ತದೆ.

ಒಂದೇ ಕಾರು, ಎರಡು ಕೊಟೇಷನ್

ಲೆಕ್ಕ ಸ್ಪಷ್ಟವಾಗಲು ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ಅದೇ 9 ಲಕ್ಷದ ಕಾರು. ರಸ್ತೆ ತೆರಿಗೆ, ನೋಂದಣಿ ಎಲ್ಲ ಸೇರಿ 1,43,000 ಎಂದಿಟ್ಟುಕೊಳ್ಳಿ.

ಮೊದಲ ಶೋರೂಂ:
- ಡಿಸ್ಕೌಂಟ್ 40,000
- ವಿಮೆ 58,000
- ಹ್ಯಾಂಡ್ಲಿಂಗ್ 9,000
- ಬೇಸಿಕ್ ಕಿಟ್ 22,000
- ಕೊಡಬೇಕಾದ ಒಟ್ಟು ಹಣ 10,92,000

ಎರಡನೇ ಶೋರೂಂ:
- ಡಿಸ್ಕೌಂಟ್ 20,000
- ವಿಮೆ 40,000
- ಹ್ಯಾಂಡ್ಲಿಂಗ್ ಇಲ್ಲ
- ಕಿಟ್ ಇಲ್ಲ
- ಕೊಡಬೇಕಾದ ಒಟ್ಟು ಹಣ 10,63,000

ಎರಡು ಪಟ್ಟು ಡಿಸ್ಕೌಂಟ್ ಕೊಟ್ಟ ಮೊದಲ ಶೋರೂಂನಲ್ಲಿ 29,000 ರೂಪಾಯಿ ಹೆಚ್ಚು ಕೊಡಬೇಕಾಗಿದೆ. ಊರಲ್ಲಿ ಹೋಗಿ "ನಲವತ್ತು ಸಾವಿರ ಬಿಡಿಸಿಕೊಂಡೆ" ಎಂದು ಹೇಳಿಕೊಳ್ಳುವವರು ಮಾತ್ರ ಅಲ್ಲಿಯ ಗ್ರಾಹಕರೇ. ಸೇಲ್ಸ್‌ನವರನ್ನು ಬೈದು ಪ್ರಯೋಜನವಿಲ್ಲ. ಕಾರಿನ ಮಾರ್ಜಿನ್ ಕಡಿಮೆ ಇರುವುದರಿಂದ ಡೀಲರ್ ಆದಾಯ ವಿಮೆ, ಸಾಲ, ಆಕ್ಸೆಸರಿಗಳಲ್ಲಿ ಇದೆ. ಸೇಲ್ಸ್‌ನವರ ಇನ್ಸೆಂಟಿವ್‌ಗೂ ಅವುಗಳಿಗೂ ಸಂಬಂಧ ಇರುತ್ತದೆ. ಅದು ಗೊತ್ತಿದ್ದರೆ ಮಾತು ಜಗಳವಾಗದೆ ಲೆಕ್ಕವಾಗುತ್ತದೆ.

ಹಳೆಯ ಕಾರು ಕೊಟ್ಟು ಹೊಸದು ಕೊಳ್ಳುವಾಗಲೂ ಇದೇ ಎಚ್ಚರ. "ಎಕ್ಸ್‌ಚೇಂಜ್ ಬೋನಸ್ 30,000" ಎಂದು ದೊಡ್ಡದಾಗಿ ಬರೆದು, ಹಳೆಯ ಕಾರಿನ ಬೆಲೆಯನ್ನು ಅಷ್ಟೇ ಇಳಿಸಿದರೆ ಲಾಭ ಏನೂ ಇಲ್ಲ. ಮೊದಲು ಹೊರಗೆ ಎರಡು ಕಡೆ ಹಳೆಯ ಕಾರಿನ ಬೆಲೆ ಕಟ್ಟಿಸಿ, ಆಮೇಲೆ ಶೋರೂಂಗೆ ಹೋಗಿ.

ಡಿಸೆಂಬರ್ ಲಾಭ ಎಷ್ಟು ನಿಜ?

ಇದರಲ್ಲಿ ಅರ್ಧ ಸತ್ಯ ಇದೆ. ಡೀಲರ್‌ಗಳಿಗೆ ತಿಂಗಳ, ವರ್ಷದ ಗುರಿ ಇರುತ್ತದೆ. ತಿಂಗಳ ಕೊನೆಯಲ್ಲಿ ಗುರಿಗೆ ನಾಲ್ಕು ಕಾರು ಕಡಿಮೆ ಬಿದ್ದರೆ ಸ್ವಲ್ಪ ಹೆಚ್ಚು ಬಿಟ್ಟುಕೊಡುತ್ತಾರೆ. ವರ್ಷ ಬದಲಾದರೆ ನಿಂತಿರುವ ಸ್ಟಾಕ್ "ಹೋದ ವರ್ಷದ ಕಾರು" ಆಗುವುದರಿಂದ ಡಿಸೆಂಬರ್‌ನಲ್ಲಿ ಮಾರುವ ಅವಸರ ಇರುತ್ತದೆ. ಜನವರಿಯಲ್ಲಿ ಹಲವು ಕಂಪನಿಗಳು ಬೆಲೆ ಏರಿಸುವುದೂ ವಾಡಿಕೆ.

ಆದರೆ ಆ "ಹೋದ ವರ್ಷದ ಕಾರು" ನಿಮ್ಮದಾದ ಮೇಲೂ ಹೋದ ವರ್ಷದ್ದೇ. ಮೂರು ನಾಲ್ಕು ವರ್ಷದಲ್ಲಿ ಮಾರುವವರಿಗೆ ಸೆಕೆಂಡ್ ಹ್ಯಾಂಡ್ ಬೆಲೆಯಲ್ಲಿ ಅದು ಕಡಿತವಾಗುತ್ತದೆ. ಹತ್ತು ವರ್ಷ ಇಟ್ಟುಕೊಳ್ಳುವವರಿಗೆ ಅಷ್ಟು ವ್ಯತ್ಯಾಸ ಆಗದು. ಅವರಿಗೆ ಡಿಸೆಂಬರ್ ಒಳ್ಳೆಯ ಸಮಯವೇ.

ಕಾರು ಯಾವಾಗ ತಯಾರಾಯಿತು ಎಂದು ತಿಳಿಯಲು ಹಣ ಪೂರ್ತಿ ಕಟ್ಟುವ ಮೊದಲು ವಿಐಎನ್ ಅಥವಾ ಚಾಸಿ ಸಂಖ್ಯೆ ಕೇಳಿ. ಅದರಲ್ಲಿ 17 ಅಕ್ಷರ, ಅಂಕಿಗಳಿರುತ್ತವೆ. ಹಲವು ಕಂಪನಿಗಳಲ್ಲಿ 10ನೆಯದು ವರ್ಷದ ಸಂಕೇತ: 2024ಕ್ಕೆ ಆರ್, 2025ಕ್ಕೆ ಎಸ್, 2026ಕ್ಕೆ ಟಿ. ತಿಂಗಳ ಸಂಕೇತದ ಜಾಗ ಕಂಪನಿಯಿಂದ ಕಂಪನಿಗೆ ಬೇರೆ. ಇದರ ಗೊಡವೆ ಬೇಡ ಎನ್ನುವವರು ಮಾರಾಟ ಪ್ರಮಾಣಪತ್ರವಾದ ಫಾರ್ಮ್ 21 ನೋಡಬಹುದು. ತಯಾರಾದ ತಿಂಗಳು, ವರ್ಷ ಅದರಲ್ಲಿ ಬರೆದಿರಲೇಬೇಕು.

ಹಣ ಕಟ್ಟುವ ಮೊದಲು

ಒಂದೇ ಕಂಪನಿಯ ಕನಿಷ್ಠ ಎರಡು ಡೀಲರ್‌ಗಳಿಂದ ಬಿಡಿಸಿ ಬರೆದ ಕೊಟೇಷನ್ ತನ್ನಿ. ಬಾಯಿಮಾತಿನ "ಆಮೇಲೆ ನೋಡ್ಕೊಳೋಣ ಸಾರ್" ಬೇಡ, ಡಿಸ್ಕೌಂಟ್ ಎಷ್ಟು, ಉಚಿತ ಎಂದ ವಸ್ತು ಯಾವುದು ಎಲ್ಲವೂ ಬುಕಿಂಗ್ ಹಾಳೆಯ ಮೇಲೆ ಬರಲಿ. ಡೆಲಿವರಿ ದಿನದ ಬೆಲೆ ಅನ್ವಯ ಎಂಬ ಸಾಲು ಬಹುತೇಕ ಎಲ್ಲ ಬುಕಿಂಗ್ ಹಾಳೆಗಳಲ್ಲೂ ಇರುತ್ತದೆ. ಕಾಯುವ ಅವಧಿ ಉದ್ದ ಇದ್ದರೆ ಬೆಲೆ ಏರಿದಾಗ ಏನು, ಬುಕಿಂಗ್ ರದ್ದು ಮಾಡಿದರೆ ಎಷ್ಟು ವಾಪಸ್ ಎಂದು ಕೇಳಿಕೊಳ್ಳಿ. ಹಣವನ್ನು ಡೀಲರ್ ಸಂಸ್ಥೆಯ ಬ್ಯಾಂಕ್ ಖಾತೆಗೆ ಮಾತ್ರ ಹಾಕಿ, ಸಿಬ್ಬಂದಿಯ ಸ್ವಂತ ಯುಪಿಐಗೆ ಬೇಡ.

ಬೇಡ ಎಂದದ್ದನ್ನು ಬಿಲ್ಲಿಗೆ ಸೇರಿಸಿದರೆ, ಒತ್ತಾಯಿಸಿ ವಿಮೆ ಮಾಡಿಸಿದರೆ ಮೊದಲು ಡೀಲರ್‌ಗೂ ಕಾರು ಕಂಪನಿಗೂ ಇಮೇಲ್ ಮಾಡಿ. ಪರಿಹಾರ ಸಿಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. 50 ಲಕ್ಷದವರೆಗಿನ ಖರೀದಿಯ ದೂರುಗಳನ್ನು ಜಿಲ್ಲಾ ಗ್ರಾಹಕ ಆಯೋಗದಲ್ಲಿ ನೀವೇ ಸಲ್ಲಿಸಬಹುದು, ವಕೀಲರು ಬೇಕೇಬೇಕು ಎಂದಿಲ್ಲ. ಕೊಟೇಷನ್, ಬಿಲ್, ತೆರಿಗೆ ರಸೀದಿ, ಇಮೇಲ್ ಜೋಪಾನವಾಗಿಟ್ಟಿರಬೇಕು ಅಷ್ಟೆ.

ಫಾರ್ವರ್ಡ್ ಮಾಡುವುದಾದರೆ ಇಷ್ಟನ್ನು ಮಾಡಿ

- ಡಿಸ್ಕೌಂಟ್ ಎಷ್ಟು ಎಂದು ಕೇಳುವ ಬದಲು ಒಟ್ಟು ಎಷ್ಟು ಕೊಡಬೇಕು ಎಂದು ಕೇಳಿ, ಎರಡು ಶೋರೂಂಗಳ ಒಟ್ಟು ಮೊತ್ತ ಹೋಲಿಸಿ.
- ರಸ್ತೆ ತೆರಿಗೆ, ಥರ್ಡ್ ಪಾರ್ಟಿ ವಿಮೆ ಎಲ್ಲ ಕಡೆ ಒಂದೇ. ಓನ್ ಡ್ಯಾಮೇಜ್ ವಿಮೆ, ಸಾಲದಲ್ಲಿ ಹೋಲಿಕೆ ಮಾಡಿ.
- ಹ್ಯಾಂಡ್ಲಿಂಗ್ ಚಾರ್ಜ್ ಸರ್ಕಾರಿ ಶುಲ್ಕ ಅಲ್ಲ. ಬೇಸಿಕ್ ಕಿಟ್ ಕಡ್ಡಾಯ ಅಲ್ಲ.
- ಹೊರಗಿನ ವಿಮೆಯಿಂದ ಕಾರಿನ ವಾರಂಟಿ ಹೋಗುವುದಿಲ್ಲ.
- ಹಳೆಯ ಕಾರಿನ ನೋ ಕ್ಲೇಮ್ ಬೋನಸ್ ಹೊಸ ಕಾರಿಗೆ ತನ್ನಿ.
- 10 ಲಕ್ಷದ ಗೆರೆ ದಾಟುವ ಮೊದಲು ತೆರಿಗೆ ಲೆಕ್ಕ ಮಾಡಿ. ಕಟ್ಟಿದ ಟಿಸಿಎಸ್ ಅನ್ನು ರಿಟರ್ನ್‌ನಲ್ಲಿ ತೋರಿಸಿ.
- ಇಎಂಐ ಎಷ್ಟು ಎಂಬುದರ ಜೊತೆ ಒಟ್ಟು ಬಡ್ಡಿ ಎಷ್ಟು ಎಂದೂ ಕೇಳಿ.
- ಕಾರು ತಯಾರಾದ ತಿಂಗಳು, ವರ್ಷ ನೋಡಿ ಆಮೇಲೆ ಪೂರ್ತಿ ಹಣ ಕಟ್ಟಿ.

ತೆರಿಗೆ, ಪ್ರೀಮಿಯಂ ದರಗಳು ಬಜೆಟ್ ಮತ್ತು ಅಧಿಸೂಚನೆಗಳಿಂದ ಬದಲಾಗುತ್ತಿರುತ್ತವೆ. ಹಾಗಾಗಿ ಬುಕಿಂಗ್ ಮಾಡುವ ದಿನ ಜಾರಿಯಲ್ಲಿರುವ ದರ ಹಾಕಿ ಇದೇ ಲೆಕ್ಕವನ್ನು ಒಮ್ಮೆ ಮಾಡಿ ನೋಡಿ. ಮೊಬೈಲಿನ ಕ್ಯಾಲ್ಕುಲೇಟರ್ ಸಾಕು, ಹತ್ತು ನಿಮಿಷದ ಕೆಲಸ.